ಒಳ ಅಂಚು

ಮರಿಯೆಂಟಾಲಿನಾಚೆ, ಜಲ್ಲಿರಸ್ತೆ ಟಾರನ್ನು ಮುಟ್ಟುವಲ್ಲಿ
ಹೆಸ್ಸಿ ಬ್ಯೂಕೆಸಳ ತಗಡಿನ ಶೆಡ್ಡು.
ಹೊರಗೆ ಒಂದೇ ಒಂದು ಮುಳ್ಳುಮರ, ಅದಕ್ಕೆ ಒರಗಿಸಿದ
ಹಳೇ ಟೈರುಗಳು, ಕೆಲವದರೊಳಗೆ ಕೋಳಿ.

ಫ್ಲೋರಿಸ್ ಅಜ್ಜನ ಪಿಕಪ್ಪು ನನಗಿಂತ ಎಂಟು ವರ್ಷ ದೊಡ್ಡದು.
ಜಾಕ್ ಏರಿಸುವ ಮುಂಚೆ ಅವಳು ಮಂಡಿಯೂರಿ
ಮುಂದಿನ ಎಡ ಟೈರಿನ ಮೇಲೆ ಅಂಗೈ ಇಟ್ಟಳು,
ಹಿಟ್ಟಿನ ಹದ ನೋಡುವ ಹಾಗೆ.
ಒಳಗಿಂದ ಹೊರಕ್ಕೆ ಸವರಿದರೆ ಬೆಕ್ಕಿನ ಬೆನ್ನು,
ಹೊರಗಿಂದ ಒಳಕ್ಕೆ, ಗರಗಸ.
"ನೀನೂ ಮುಟ್ಟು" ಅಂದಳು. ಮುಟ್ಟಿದೆ.
ಒಳ ಅಂಚಿನಲ್ಲಿ ರಬ್ಬರು ಮುಗಿದು
ನೂಲು ಕಾಣುತ್ತಿತ್ತು, ಹರಿದ ಕಾಲರಿನ ಹಾಗೆ;
ಹೊರ ಅಂಚು ಇನ್ನೂ ಮದುಮಗ.

ಇಲ್ಲಿಯ ರಸ್ತೆಯೇ ಹಾಗೆ, ಅಂದೆ.
ಅವಳು ಬಲ ಟೈರಿನ ತನಕ ಹೋಗಿ ಬಂದಳು.
"ರಸ್ತೆಗೆ ಪಕ್ಷಪಾತ ಇಲ್ಲ.
ಆ ಕಡೆ ಉಗುರಿನಷ್ಟು, ಈ ಕಡೆ ಬುಡಮಟ್ಟ."

ಮೀನುಗಾಳದ ದಾರ ತಂದಳು.
ನಮ್ಮ ನದಿಗೆ ಮೀನಿನ ಹೆಸರು, ವರ್ಷದ ಬಹುಪಾಲು ಮರಳು;
ದಾರಕ್ಕೆ ಬೇರೆ ಕೆಲಸವಿಲ್ಲ.
ಹಿಂದಿನ ಚಕ್ರದಿಂದ ಮುಂದಕ್ಕೆ ಬಿಗಿದು
ರಿಮ್ಮಿನ ಆ ತುದಿಗೆ ಸ್ಕೇಲಿಟ್ಟಳು, ಈ ತುದಿಗೆ ಇಟ್ಟಳು.
ಒಂಬತ್ತು ಮಿಲಿಮೀಟರ್.
ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಎರಡೂ ಚಕ್ರ
ಒಂದೊಂದು ಕಡೆ ಮುಖ ಮಾಡಿಕೊಂಡು
ಇಷ್ಟು ದಿನ ಒಂದೇ ಊರಿಗೆ ನಡೆದಿದ್ದವು.

ಆಮೇಲೆ ಅಡಿಗೆ ಮಲಗಿ, ಟಾರ್ಚು ಹಿಡಿ ಅಂದಳು.
ಟೈ ರಾಡು ಬಾಗಿತ್ತು.
ಬಾಗಿದಲ್ಲಿ ತುಕ್ಕು ಹೊಸದು, ಕಿತ್ತಳೆ ಬಣ್ಣ;
ಉಳಿದೆಡೆ ಮೂವತ್ತು ವರ್ಷದ ಕಪ್ಪು ಜಿಡ್ಡು.
"ಮೂರು ತಿಂಗಳಾಗಿರಬೇಕು."
ಟಾರ್ಚು ಅಲುಗಿತು.

ಗಿಬಿಯಾನ್ ಹತ್ತಿರ ಒಣ ಹಳ್ಳ, ರಾತ್ರಿ,
ಬೆಳಕಿನೊಳಗೆ ತಟ್ಟನೆ ಒಂದು ಕುಡು ಜಿಂಕೆ, ಅದರ ತಿರುಚಿದ ಕೊಂಬು,
ನಾನು ಎಡಕ್ಕೆ ಎಳೆದದ್ದು. ಕಲ್ಲು.
ಅಜ್ಜನಿಗೆ ಹೇಳಿದ್ದು: ಏನೂ ಆಗಿಲ್ಲ.
ಅಂದಿನಿಂದ ನೇರ ಹೋಗಬೇಕಾದರೆ
ಸ್ಟೀರಿಂಗನ್ನು ಎರಡು ಬೆರಳು ಬಲಕ್ಕೆ ತಿರುಗಿಸಿ ಹಿಡಿಯುತ್ತಿದ್ದೆ.
ಅಜ್ಜನೂ ಹಾಗೇ ಹಿಡಿಯುತ್ತಿದ್ದ.
ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.

ಹೆಸ್ಸಿ ರಾಡಿನ ಬೆಲೆ ಮಾತ್ರ ಹೇಳಿದಳು.
ಹೊಸದು ಕೂರಿಸಿ, ದಾರಕ್ಕೆ ಮತ್ತೆ ಕಣ್ಣು ಹಚ್ಚಿ
ಕಾಲು ಸುತ್ತು ಬಿಗಿ, ಅರೆಗಾಲು ಸಡಿಲ,
ಸ್ಟೆಪ್ನಿ ತೊಡಿಸಿ, ಸವೆದದ್ದನ್ನು ಮರಕ್ಕೆ ಒರಗಿಸಿದಳು.
"ಇದು ಇನ್ನು ಬೆಳೆಯಲ್ಲ." ಕೋಳಿಯೊಂದು ಬಂದು ಇಣುಕಿತು.

ಹಿಂತಿರುಗುವಾಗ ಗಾಡಿ ಬಿಟ್ಟ ಬಾಣ.
ಕೈ ಮಾತ್ರ ತಾನಾಗಿ ಎರಡು ಬೆರಳು ಬಲಕ್ಕೆ ಹೋಗಿ
ನಡುರಸ್ತೆಯ ಜಲ್ಲಿ ದಿಬ್ಬಕ್ಕೆ
ಹತ್ತಿಸುತ್ತದೆ, ಇಳಿಸುತ್ತೇನೆ, ಮತ್ತೆ ಹತ್ತಿಸುತ್ತದೆ.
ಮನೆ ಇನ್ನೂ ನಲವತ್ತು ಕಿಲೋಮೀಟರು.