ಕೆ.ಜಿ.ಗೆ ಎರಡು ಗ್ರಾಂ

ಇಪ್ಪತ್ತು ಸಾವಿರ ಅರ್ಜಿ, ನಲವತ್ತು ಸೀಟು.
ಹಾಜಿರಾ ಇದನ್ನು ಹೇಳುವಾಗ ಅವಳಪ್ಪ ಗೌಸ್ ಪೀರ್
ತಕ್ಕಡಿಯ ಮುಳ್ಳಿಗೆ ಎಣ್ಣೆ ಬಿಡುತ್ತಿದ್ದರು.
ತಲೆ ಎತ್ತದೆ ಕೇಳಿದರು: 'ಕೆ.ಜಿ.ಗೆ ಎಷ್ಟಾಯ್ತಮ್ಮಾ?'
'ಎರಡು ಗ್ರಾಂ, ಅಬ್ಬಾ.'

ಮಂಡಿ ಮೊಹಲ್ಲಾದ ಆ ಅಂಗಡಿ ಮೂರಡಿ ಅಗಲ.
ನಾನು ನಿಂತದ್ದು ಮೋರಿಯ ಚಪ್ಪಡಿ ಮೇಲೆ,
ಕೈಯಲ್ಲಿ ಅವಳ ಅಂಕಪಟ್ಟಿಯ ಜೆರಾಕ್ಸು.
'ಎರಡು ಗ್ರಾಂ ಅಂದ್ರೆ ಮೇಡಂ,
ಈರುಳ್ಳಿ ಅಂಗಡೀಲಿ ಸಿಪ್ಪೆ. ಫ್ಯಾನು ಹಾಕಿದ್ರೆ ಹೋಯ್ತು.
ಅಶೋಕ ರಸ್ತೆಗೆ ಹೋಗಿ,
ಅದೇ ಎರಡು ಗ್ರಾಂ ಮಗೂಗೆ ಉಂಗುರ.'
ಅಷ್ಟು ಹೇಳಿ ಮತ್ತೆ ಎಣ್ಣೆ.

ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು,
ಪಕ್ಕದಲ್ಲಿ ಬಿಡಿಸದ ಅವರೆಕಾಯಿ.
ಶಿಫಾರಸು ಪತ್ರದ ನಾಲ್ಕನೇ ಪುಟ ಕೇಳುತ್ತದೆ:
ನಿಮ್ಮ ಸೇವಾವಧಿಯಲ್ಲಿ ಪಾಠ ಹೇಳಿದವರ ನಡುವೆ
ಈ ವಿದ್ಯಾರ್ಥಿ ಎಲ್ಲಿ ನಿಲ್ಲುತ್ತಾಳೆ?
ಐದು ಚೌಕ. ಎಲ್ಲಕ್ಕೂ ಮೇಲಿನದು: ನಾನು ಕಂಡವರಲ್ಲೇ ಮೊದಲಿಗಳು.
ಅದರ ಕೆಳಗೆ: ನೂರರಲ್ಲಿ ಒಬ್ಬಳು.

ಇಪ್ಪತ್ತಾರು ವರ್ಷ, ವರ್ಷಕ್ಕೆ ನೂರಿಪ್ಪತ್ತು.
ಮೂರು ಸಾವಿರ ಹೆಸರು ಕೂಗಿದ ಗಂಟಲು ಇದು.
ಮೇಲಿನ ಚೌಕದತ್ತ ಬಾಣ ಒಯ್ದೆ,
ಬನ್ನೂರಿನ ಸಣ್ಣತಾಯಿ ಬಂದು ಎದುರು ಕೂತಳು.

ಬಸ್ಸು ತಡವಾದ ದಿನ ಕಿಟಕಿಯಾಚೆ ನಿಂತೇ ಪಾಠ ಕೇಳಿದವಳು.
ನಾನು ಎರಡು ಬೋರ್ಡು ತುಂಬಿಸಿ ಸಾಧಿಸಿದ್ದನ್ನು
ನಾಲ್ಕೇ ಸಾಲಲ್ಲಿ ಮುಗಿಸಿ
'ತಪ್ಪೇನೋ ಮಿಸ್' ಎಂದು ಅಂಗೈಯಿಂದ ಉಜ್ಜಿಹಾಕಿದವಳು.
ಆ ವರ್ಷವೂ ಒಂದು ಅರ್ಜಿ ಬಂದಿತ್ತು, ಅಂಚೆಯಲ್ಲಿ, ಕಂದು ಲಕೋಟೆ.
ಇವಳೆಲ್ಲಿ ಅದೆಲ್ಲಿ ಎಂದುಕೊಂಡು
ಸ್ಟಾಫ್ ರೂಮಿನ ಡ್ರಾಯರಿಗೆ ಹಾಕಿದೆ.
ಅದರ ಮೇಲೆ ಉತ್ತರಪತ್ರಿಕೆಯ ಕಟ್ಟು ಬಿತ್ತು. ಆಮೇಲೆ ದಸರಾ ರಜೆ.

ಸಂಭವನೀಯತೆ ಕಲಿಸುವಾಗ ಈಗಲೂ
ನಾಣ್ಯ, ದಾಳ, ಚೀಲದಲ್ಲಿ ಕೆಂಪು ಚೆಂಡು ಎನ್ನುತ್ತೇನೆ.
ಡ್ರಾಯರಿನ ಲೆಕ್ಕವನ್ನು ಯಾವ ತರಗತಿಗೂ ಕೊಟ್ಟಿಲ್ಲ.
ಕೆ.ಜಿ.ಗೆ ಎರಡು ಗ್ರಾಮೂ ಅಲ್ಲ ಅವಳದು.
ತಟ್ಟೆಗೇ ಏರಲಿಲ್ಲ.

ಸಣ್ಣತಾಯಿಯ ಬಳಿಗೆ ಲೆಕ್ಕ ತಾನಾಗಿ ಬಂದು ಕೂರುತ್ತಿತ್ತು.
ಹಾಜಿರಾ ಅದರ ಮನೆ ಹುಡುಕಿಕೊಂಡು ಹೋಗಿ
ಬಾಗಿಲು ತೆಗೆಯುವವರೆಗೆ ತಟ್ಟುವವಳು.
ಎರಡರ ನಡುವಿನ ಅಂತರ ನನಗೆ ಗೊತ್ತು. ಅದೇ ತೊಂದರೆ.

ಮೇಲಿನದನ್ನು ಒತ್ತಿದರೆ ಕೇಳುವವರು ಯಾರು?
ಊರೂರಿನ ಮೇಷ್ಟ್ರುಗಳೂ ಅದನ್ನೇ ಒತ್ತಿರುತ್ತಾರೆ.
ತಟ್ಟೆಯಡಿ ಹುಣಸೆಹಣ್ಣು ಅಂಟಿಸಿದ ವ್ಯಾಪಾರಿಯನ್ನು
ಗೌಸ್ ಪೀರ್ ಬೈಯುವುದಿಲ್ಲ.
ಕೆರೆದು ತೆಗೆದು, ಕೂಲಿ ಇಷ್ಟು ಎನ್ನುತ್ತಾರೆ.

ಎರಡನೆಯದನ್ನೇ ಒತ್ತಿದೆ.
ಕೆಳಗಿನ ಖಾಲಿ ಜಾಗದಲ್ಲಿ ಹೊಗಳಲಿಲ್ಲ, ಬರೆದದ್ದಿಷ್ಟು:
ಆಗಸ್ಟಿನ ಒಂದು ಮಧ್ಯಾಹ್ನ ಈ ಹುಡುಗಿ ಎದ್ದು
ಆರನೇ ಸಾಲು ಏಳನೆಯದಕ್ಕೆ ಹೋಗಲ್ಲ ಮೇಡಂ, ಅಂದಳು.
ನೋಡಿದೆ. ಹೋಗುತ್ತಿರಲಿಲ್ಲ.
ಹತ್ತೊಂಬತ್ತು ವರ್ಷ ನಾನೇ ಅದನ್ನು ತಳ್ಳಿಕೊಂಡು ಹೋಗಿದ್ದೆ.

ಕಳಿಸಿದಾಗ ಹನ್ನೊಂದೂ ಮುಕ್ಕಾಲು.
ಅವರೆಕಾಯಿ ಹಾಗೇ ಇತ್ತು.

ಒಂದು ಚೌಕ ಕೆಳಗಿಳಿದದ್ದಕ್ಕೆ
ಆ ಎರಡರಲ್ಲಿ ಎಷ್ಟು ಗ್ರಾಂ ಹೋಯಿತೋ.
ಹುಡುಗಿಗೆ ಹೇಳಿಲ್ಲ. ಉತ್ತರ ಬರುವುದು ಮಾರ್ಚಿಗೆ.

ಮೊನ್ನೆ ಅಡುಗೆಮನೆಯ ತಕ್ಕಡಿ ಹಿಡಿದು ಅಂಗಡಿಗೆ ಹೋದೆ.
ಅದು ಕೆಟ್ಟಿರಲಿಲ್ಲ,
ಮುಟ್ಟಿದ ಕೂಡಲೇ ಅವರಿಗೂ ತಿಳಿಯಿತು.
ಆದರೂ ತಟ್ಟೆ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ
ಖಾಲಿ ಬಿಟ್ಟರು.
ಮುಳ್ಳು ಸೊನ್ನೆಯ ಆಚೆ ಈಚೆ ಅಲ್ಲಾಡುತ್ತಿತ್ತು.
'ನಿಲ್ಲಲಿ ಮೇಡಂ,' ಎಂದು
ಎದುರಿನ ಹೋಟೆಲಿಗೆ ಎರಡು ಬೆರಳು ತೋರಿಸಿದರು, ಟೀಗೆ.