ನಿಂತು ಮಾತಾಡಬಹುದು

ಮೊದಲ ದಿನ ನಾನೇ ಓದಿ ಹೇಳಿದ್ದೆ, ಗಂಟಲು ಕಟ್ಟಿತ್ತು:
ಟೋಪಿ ಬಯಲಲ್ಲಿ ತಲೆಯ ಮೇಲೆ, ಸೂರಿನಡಿ ಕೈಯಲ್ಲಿ.
ಹತ್ತಕ್ಕೆ ಕೋಣೆ. ಬಾಟಲಿ ಸಿಕ್ಕರೆ ಮನೆದಾರಿ.
ಬೇರೆ ಪಡೆಯವರನ್ನು ಅಡ್ಡಹೆಸರಿಂದ ಕರೆಯಕೂಡದು
(ಕರೆಯುತ್ತಾರೆ. ನಾನೂ ಕರೆದವನೇ.)
ಸಮವಸ್ತ್ರದಲ್ಲಿ ನಡೆಯುತ್ತ ಫೋನು ಕಿವಿಗಿಡಕೂಡದು.

ನಾಲ್ಕು ಬಗೆಯ ಬೂಟು, ಒಂದೇ ಧೂಳು.
ಟೆಕ್ಸಸ್ಸಿನ ಈ ಗಾಳಿ ಯಾರ ಪದವಿಯನ್ನೂ ಕೇಳದು;
ಎಲ್ಲರ ಹಲ್ಲಿಗೂ ಮರಳು.

ಐದಕ್ಕೆ ಕಹಳೆ. ಬಾವುಟ ಇಳಿಯುತ್ತದೆ.
ಕಾರುಗಳು ಇದ್ದಲ್ಲೇ. ಪ್ರೂಯಿಟ್ ಎಂಬ ಹುಡುಗ
ಬಾಯಲ್ಲಿದ್ದ ಬರ್ಗರನ್ನು ಅಗಿಯಲೂ ಆಗದೆ
ನುಂಗಲೂ ಆಗದೆ
ಸೆಲ್ಯೂಟ್ ಹಿಡಿದು ನಿಂತಿದ್ದ.
ನಗು ಬಂತು. ನಗುವ ಹಾಗಿಲ್ಲ.

ಆಮೇಲೆ ಕಂಡಳು ಟೈಟಾನೊ, ನೌಕಾಪಡೆಯವಳು, ಗ್ವಾಮ್ ದ್ವೀಪದವಳು.
ತರಗತಿಯಿಂದ ಮೆಸ್ಸಿಗೆ ಮುನ್ನೂರು ಹೆಜ್ಜೆ;
ನಡುದಾರಿಯಲ್ಲಿ ದೀಪದ ಕಂಬದ ಪಕ್ಕ,
ಫೋನು ಕಿವಿಗೆ.
ಅವಳೂರಲ್ಲಿ ಆಗಲೇ ನಾಳೆಯ ಬೆಳಗು.
'ಅಜ್ಜಿಗೆ ಕೊಡು, ಕೇಳಿಸದಿದ್ದರೂ ಕೊಡು' ಅನ್ನುತ್ತಿದ್ದಳು.
ಟೋಪಿ ಹಾರದಂತೆ ಒಂದು ಕೈ.
ಎರಡೂ ಕಾಲು ನೆಲಕ್ಕೂರಿ, ಎಷ್ಟು ಅಲುಗದೆ ಎಂದರೆ
ಆ ನಿಯಮ ಬರೆದವರೂ ಅದನ್ನು ಅಷ್ಟು ನಂಬಿರಲಾರರು.

ನಾನು ಭೂಸೇನೆಯವನು, ಅವಳಿಗೆ ಹೊಸಬ.
ಕಂಡವಳೇ ಫೋನು ಇಳಿಸಹೊರಟಳು.
ಬೇಡವೆಂದು ತಲೆಯಾಡಿಸಿದೆ.
ಮೆಸ್ ಮುಚ್ಚುವ ಹೊತ್ತು; ಒಳಗೆ ಹೋಗಿ
ಒಂದು ತಟ್ಟೆ ತೆಗೆದಿಡಿಸಿದೆ.

ಆರೂವರೆಗೆ ಬಂದಳು, ಕಣ್ಣಲ್ಲಿ ಮರಳು ಬಿದ್ದವಳ ಹಾಗೆ.
ಕೋಳಿ ಆರಿ ತಣ್ಣಗಾಗಿತ್ತು.
ಏನು ಕೇಳಬೇಕೋ ತಿಳಿಯಲಿಲ್ಲ.
ಎಡಗಾಲ ಲೇಸು ಬಿಚ್ಚಿಕೊಂಡಿದೆ,
ಕಟ್ಟಿಕೋ ಎಂದೆ.