ಅಂಗೈಯಷ್ಟು ಜಾಗ

ಕೌಲ್ ಬಜಾರಿನ ಬೇವಿನ ಕೆಳಗೆ
ಕ್ಯಾಬಿನ್ ಬಿಚ್ಚಿ ಕೂತಿದ್ದೇವೆ.
ಗಾದಿಲಿಂಗಪ್ಪ ನಾನು, ಎಪ್ಪತ್ತೆಂಟರ ಲಾರಿಯ ಮಾಲೀಕ.
ಹುಲುಗಪ್ಪ, ಇಪ್ಪತ್ತಾರು ವರ್ಷ ನನ್ನ ಎಡಕ್ಕೆ ಕೂತವನು.
ಒಳಗೆ ತಲೆ ತೂರಿಸಿದವನು ಶೇಕ್ಷಾವಲಿ,
ಹತ್ತಿ ಹಿಂಜುವವರ ಮೊಮ್ಮಗ, ಈಗ ಕುಶನ್ ಮೇಸ್ತ್ರಿ.

ಮೊದಲು ಹಳೇ ಕೌದಿ ಎತ್ತಿ ಎಸೆದ.
ಇಂಜಿನ್ ದಿಬ್ಬದ ಮೇಲೆ ನಾಕು ಮಡಿಕೆ ಹಾಸಿದ್ದು,
ನಡುವೆ ಸುಟ್ಟು ಕಪ್ಪಾದ ಒಂದು ಗುಂಡು.
ಅದರ ಮೇಲೆ ರೊಟ್ಟಿ ಬಿಸಿ ಮಾಡಿದ್ದೇವೆ, ಬನಿಯನ್ ಒಣಗಿಸಿದ್ದೇವೆ.
ಒಮ್ಮೆ ಸಿರಿಗೇರಿ ಕ್ರಾಸಿನಲ್ಲಿ ಹತ್ತಿಸಿಕೊಂಡ ಮೇಕೆಮರಿ
ಕೂತಿತು, ಎದ್ದಿತು,
ಊರು ಬರುವ ತನಕ ಮತ್ತೆ ಕೂರಲಿಲ್ಲ.

ಬೆರಳ ಗಿಣ್ಣಿನಿಂದ ಬಾಗಿಲು ಬಡಿದ: ಠಣ್.
"ಇದು ಬಾಗಿಲಲ್ಲಪಾ, ತಮಟೆ."
ಅಂಗೈಯಗಲ ಡಾಂಬರು ಹಾಳೆ ಅಂಟಿಸಿ ಬಡಿದ: ದಪ್.
"ಪೂರಾ ಬಳಿಯೋದು ಬ್ಯಾಡ,
ತಮಟೆ ನಡುವೆ ಬೆರಳಿಟ್ರೆ ಸಾಕು."

ಸದ್ದು ಬೇರೆ, ಸೆಕೆ ಬೇರೆ ಅಂದ.
ಸದ್ದಿಗೆ ಭಾರ ಬೇಕು, ಸೆಕೆಗೆ ಗಾಳಿ ಬೇಕು.
ಬೆಳ್ಳಿಕಾಗದವನ್ನು ತಗಡಿಗೆ ಅಪ್ಪಿಸಿದರೆ ದಂಡ,
ನಡುವೆ ಸಂದು ಬಿಡಬೇಕು,
"ಬೀಗರ ಮನೆ ಇದ್ದಂಗೆ. ಹತ್ರ ಇರ್ಬೇಕು, ತಾಗಬಾರ್ದು."

ಪರೀಕ್ಷೆಗೆ ಹುಲುಗಪ್ಪ ಮೋಂಬತ್ತಿ ತಂದು
ಬಳಪದಂತೆ ಐದು ತುಂಡು ಮುರಿದ.
ಇಂಜಿನ್ ಓಡುತ್ತಿತ್ತು, ದಿಬ್ಬದ ಮೇಲೆ ಐದು ಬಗೆ.
ಥರ್ಮಾಕೋಲು, ಮೇಣಕ್ಕೂ ಮೊದಲು ತಾನೇ ಮುದುಡಿತು.
ರಬ್ಬರು ನಾತ ಬಿಟ್ಟಿತು.
ನಮದಾ ಬೆಲೆ ಕೇಳಿ ಮೇಣಕ್ಕಿಂತ ನಾನು ಬೆವರಿದೆ.
ಗಾಜಿನ ಹತ್ತಿ ತಡೆಯಿತು, ಮೊಣಕೈ ತನಕ ತುರಿಕೆ ಕೊಟ್ಟು.
"ಇದನ್ನ ಹತ್ತಿ ಅಂದಿದ್ರೆ ನಮ್ಮಜ್ಜ
ಹಿಂಜೋ ಬಿಲ್ಲು ತಗೊಂಡು ಹೊಡೀತಿದ್ದ."
ಕೊನೆಗೆ ಜೀನ್ಸ್,
ಹಿಂದಿನ ಓಣಿಯ ಹೊಲಿಗೆಮನೆಗಳ ಕತ್ತರಿಚೂರು,
ಚೀಲಕ್ಕೆ ಇಪ್ಪತ್ತು, ಹಿಂಜಿ ಒತ್ತಿದ ನೀಲಿ ಹಲಗೆ.
ಅದರ ಮೇಲೆ ಮೇಣ ಕೂತೇ ಇತ್ತು,
ಕರೆದರೂ ಏಳದ ಹುಡುಗನ ಹಾಗೆ.

"ನೆಲಕ್ಕೆ ಬ್ಯಾಡ," ಅಂದ ಶೇಕ್ಷಾವಲಿ,
"ಬಟ್ಟೆ ನೀರು ಹಿಡಿತೈತೆ, ನೀರು ತಗಡು ತಿಂತೈತೆ,
ನಿಮಗೆ ಗೊತ್ತಾಗೋದು ಕಾಲು ರಸ್ತೆಗೆ ತಾಗಿದಾಗ."
ಬಾಗಿಲಿಗೂ ನೆತ್ತಿಗೂ ಜೀನ್ಸ್ ಆಯಿತು,
ದಿಬ್ಬಕ್ಕೆ ತುರಿಕೆಯ ಹತ್ತಿ, ಕಾಲಡಿ ನಾತದ ರಬ್ಬರು.

ಇಂಜಿನ್ ಗೋಡೆಗೆ ಬಂದಾಗ ನಾನು ಕೈ ಅಡ್ಡ ಇಟ್ಟೆ.
"ಇಲ್ಲಿ, ಮೊಣಕಾಲ ಹತ್ರ, ಇಷ್ಟು ಜಾಗ ಬಿಡು.
ಟ್ಯಾಪೆಟ್ ಕೆಮ್ಮಿದ್ರೆ ನನಗೆ ಕೇಳಬೇಕು,
ಮೀಟರುಗಳು ಸತ್ತು ಯಾವ ಕಾಲ ಆತೋ."
ಅವನು ನಕ್ಕ. ನನ್ನ ಅಂಗೈಯನ್ನೇ ತಗಡಿಗೊತ್ತಿ
ಸುತ್ತ ಸೀಮೆಸುಣ್ಣದ ಗೆರೆ ಎಳೆದ.

ಕುಡತಿನಿ ದಾಟಿದ ಮೇಲೆ, ಮಧ್ಯಾಹ್ನ ಎರಡು.
ತೊಡೆ ಸುಡಲಿಲ್ಲ.
ಆಶ್‌ಟ್ರೇಯಲ್ಲಿ ಒಂದು ನಾಣ್ಯ ಇದೆಯೆಂದು
ಇವತ್ತು ತಿಳಿಯಿತು.
ಆಮೇಲೆ ಇನ್ನೊಂದು ಸದ್ದು, ಸಣ್ಣ ಸಿಳ್ಳು,
ಎಳೆದು, ನಿಂತು, ಮತ್ತೆ ಎಳೆದು.
ಬೆಲ್ಟು ಅಂದುಕೊಂಡೆ,
ಬಿಟ್ಟ ಜಾಗಕ್ಕೆ ಕಿವಿ ಬಗ್ಗಿಸಿದೆ. ಇಂಜಿನ್ ಆರಾಮಾಗಿತ್ತು.
ಗೇರ್ ಇಳಿಸಿದೆ, ಸಿಳ್ಳು ಇಳಿಯಲಿಲ್ಲ.
ಬದಿಗೆ ನಿಲ್ಲಿಸಿ ಚಾವಿ ತಿರುಗಿಸಿದೆ,
ಇಂಜಿನ್ ಸತ್ತಿತು,
ಸಿಳ್ಳು ನಡೆದೇ ಇತ್ತು
ಹುಲುಗಪ್ಪನ ಅಂಗಿಯೊಳಗೆ, ಗುಂಡಿಗಳು ಏರಿಳಿದಂತೆ.

ಸಂಡೂರಿನ ಅದಿರಿನ ಮೇಲೆ ಹತ್ತಿ
ತಾಡಪಾಲು ಕಟ್ಟುತ್ತಿದ್ದವನು ಅವನು.
ಕೆಳಗೆ ನಿಂತು ಚಾ ಕುಡಿಯುತ್ತಿದ್ದವನು ನಾನು.

"ಎಷ್ಟು ದಿನ ಆತಲೇ ಇದು?"

ಇಂಜಿನ್ ಕಡೆಯ ಕಿವಿಗಳು ಇಬ್ಬರವೂ ಮುಗಿದಿವೆ,
ನನ್ನ ಎಡದ್ದು, ಅವನ ಬಲದ್ದು,
ಒಂದಕ್ಕೊಂದು ಎದುರಾಗಿರುವಂಥವು.
ಅವನು ಪೂರಾ ಈ ಕಡೆ ತಿರುಗಿದ.
"ಹೋದ ಮಂಗಳವಾರ ಬದಲಿಸಿದ್ದಲ್ಲ,
ಹೊಸಾ ಬೆಲ್ಟು," ಅಂದ.